ತೊಳೆದು ಕುಡಿದ ತಾಟು

ಶಹಾಪುರದ ಬಸ್ ನಿಲ್ದಾಣದ ಹತ್ತಿರ ಒಂದು ಫ್ಯಾಮಿಲಿ ರೆಸ್ಟೋರೆಂಟ್ ಇದೆ. ಅದರ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ, ಲಕ್ಷ್ಮಿಯ ಫೋಟೋದ ಪಕ್ಕಕ್ಕೆ, ಚೌಕಟ್ಟು ಹಾಕಿಸಿದ ಇನ್ನೊಂದು ಫೋಟೋ ತೂಗುತ್ತಿದೆ. ಅದರಲ್ಲಿ ಮನುಷ್ಯರಿಲ್ಲ, ದೇವರೂ ಇಲ್ಲ. ಒಂದು ಖಾಲಿ ಸ್ಟೀಲ್ ತಾಟು ಇದೆ, ಕನ್ನಡಿಯ ಹಾಗೆ ಹೊಳೆಯುತ್ತಿದೆ. ಅದರಲ್ಲಿ ಉಂಡವಳು ನಾನು. ಹನ್ನೊಂದು ವರ್ಷ ಪತ್ರಿಕೆಗೆ ಊಟದ ಅಂಕಣ ಬರೆದರೂ ನನ್ನ ಮುಖ ಒಮ್ಮೆಯೂ ಅಚ್ಚಾಗಲಿಲ್ಲ, ನನ್ನ ತಾಟು ಮಾತ್ರ ಗೋಡೆ ಏರಿತು. ಮುಖಕ್ಕಿಂತ ತಾಟೇ ಛಲೋ ಬರುತ್ತದೆ ಎಂದು ನಮ್ಮ ಮನೆಯವರ ಅಭಿಪ್ರಾಯ. ಮೂವತ್ತು ವರ್ಷ ಸಂಸಾರ ಮಾಡಿದವರು ಇಷ್ಟಾದರೂ ಗಮನಿಸಿದ್ದಾರಲ್ಲ, ಅದೂ ಶಿವನ ಕೃಪೆಯೇ.

ಆದರೆ ಆ ತಾಟಿನಿಂದಾಗಿ ಎದುರು ಸಾಲಿನಲ್ಲಿದ್ದ ಒಬ್ಬ ಹೆಣ್ಣುಮಗಳ ಒಲೆ ಆರಿಹೋಗುವುದರಲ್ಲಿತ್ತು. ಅದನ್ನು ಹೇಳಬೇಕಾದರೆ ನಮ್ಮವ್ವನಿಂದ ಶುರು ಮಾಡಬೇಕು.

ನನ್ನ ತವರು ಬಳಿಚಕ್ರ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಮನೆ. ಸ್ನಾನ, ವಿಭೂತಿ, ಲಿಂಗಪೂಜೆ ಆಗದೆ ಬಾಯಿಗೆ ಹನಿ ನೀರು ಹೋಗುವಂತಿರಲಿಲ್ಲ. ತಾಟಿಗೆ ಬಂದದ್ದು ಅನ್ನವಲ್ಲ, ಪ್ರಸಾದ ಎಂದು ಅವ್ವ ಕಲಿಸಿದಳು. ಪ್ರಸಾದಕ್ಕೆ ಹೆಸರಿಡಬಾರದು. ಉಪ್ಪಾಯಿತು, ಸಪ್ಪೆಯಾಯಿತು, ಹಸಿಬಿಸಿಯಾಯಿತು ಎನ್ನಬಾರದು. ಉಣ್ಣುವಾಗ ಮಾತಾಡಬಾರದು. ಒಂದಗುಳೂ ಬಿಡಬಾರದು. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನೇ ಕುಡಿಯಬೇಕು. 

ಒಮ್ಮೆ ಅವ್ವ ಬೇಳೆಗೆ ಉಪ್ಪು ಹಾಕುವುದನ್ನೇ ಮರೆತಳು. ಅಪ್ಪ ಉಂಡ, ತಾಟು ತೊಳೆದು ಕುಡಿದ, ಎದ್ದ. ಅಣ್ಣಂದಿರು ಉಂಡರು, ತೊಳೆದು ಕುಡಿದರು, ಎದ್ದರು. ನಾನೂ ಅಷ್ಟೇ. ಕೊನೆಗೆ ತಾನು ಕುಳಿತ ಅವ್ವನಿಗೆ ಮೊದಲ ತುತ್ತಿನಲ್ಲೇ ಗೊತ್ತಾಯಿತು.

"ಇಷ್ಟು ಮಂದಿ ಉಂಡೀರಿ, ಒಬ್ಬರರ ಬಾಯಿ ಬಿಡಬಾರದೇನ್ರೋ?" ಎಂದು ಎಲ್ಲರನ್ನೂ ಬೈದಳು.

ಬಾಯಿ ಬಿಡಬಾರದು ಎಂದು ಕಲಿಸಿದವಳೂ ಅವಳೇ.

ಇಂಥ ಮನೆಯ ಮಗಳನ್ನು ಹುಡುಕಿ ಹೋಟೆಲುಗಳ ಗುಣದೋಷ ಬರೆಯಲು ಕೂರಿಸಿದವರು ನಮ್ಮ ಸಂಪಾದಕರು. ಯಾದಗಿರಿಯಲ್ಲಿ ನಮ್ಮ ಮನೆಯವರದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಜೊತೆಗೆ ನಾಲ್ಕು ಪುಟದ ಒಂದು ಸ್ಥಳೀಯ ಪತ್ರಿಕೆ ಅಲ್ಲಿ ಅಚ್ಚಾಗುತ್ತದೆ. ಪ್ರೆಸ್ಸಿನ ಹಿಂದೆಯೇ ನಮ್ಮ ಮನೆ. ಪುಟ ಕಟ್ಟಲು ಬಂದ ಸಂಪಾದಕರು ಮಧ್ಯಾಹ್ನ ನಮ್ಮಲ್ಲೇ ಉಣ್ಣುವುದು ರೂಢಿ. ಒಂದು ದಿನ ಯಾವುದೋ ಜಾಹೀರಾತು ಕೈಕೊಟ್ಟು ಅರ್ಧ ಕಾಲಂ ಖಾಲಿ ಉಳಿಯಿತು.

"ವೈನಿ, ಊಟದ ಮ್ಯಾಲ ಒಂದೀಟು ಬರದು ಕೊಡ್ರಿ. ಜಾಗ ಖಾಲಿ ಬಿದ್ದದ," ಎಂದರು ಅವರು, ರೊಟ್ಟಿ ಮುರಿಯುತ್ತಾ.

"ನಾ ಏನ್ ಬರೀಲ್ರಿ? ಪಿಯುಸಿಗೆ ಬಿಟ್ಟಾಕಿ ನಾನು."

"ಏನರ ಬರೀರಿ. ಯಾರು ಓದ್ತಾರ?"

ಆ ಒಂದು ಭರವಸೆಯ ಮೇಲೆ ಬರೆಯಲು ಕುಳಿತೆ. ಹಿಂದಿನ ವಾರವಷ್ಟೇ ಬಂಧುಗಳ ಮನೆಗೆ ಸುರಪುರಕ್ಕೆ ಹೋಗಿದ್ದಾಗ ಒಂದು ಗಾಡಿಯ ಮುಂದೆ ನಿಂತು ಮಂಡಾಳದ, ಅಂದರೆ ಮಂಡಕ್ಕಿಯ, ವಗ್ಗರಣಿ ಮತ್ತು ಮಿರ್ಚಿ ತಿಂದಿದ್ದೆ. ಅದನ್ನೇ ಬರೆದೆ. ಯಾರೂ ಓದುವುದಿಲ್ಲ ಎಂದಿದ್ದನ್ನು ಸುರಪುರದವರು ಓದಿದರು. ಗಾಡಿಯವನು ಆ ಕಾಗದವನ್ನು ಕತ್ತರಿಸಿ ಎಣ್ಣೆ ಡಬ್ಬಿಗೆ ಅಂಟಿಸಿಕೊಂಡನಂತೆ. ಜಾಗ ತುಂಬಿಸಲು ಬರೆದದ್ದು ಹನ್ನೊಂದು ವರ್ಷ ತುಂಬಿಸಿತು.

ವಾರಕ್ಕೊಂದು ದಿನ ಪೂಜೆ ಮುಗಿಸಿ, ಮನೆಯವರಿಗೆ ಅಡುಗೆ ಮಾಡಿಟ್ಟು ಬಸ್ ಹತ್ತುತ್ತಿದ್ದೆ. ಭೀಮಾ ಸೇತುವೆ ದಾಟುವಾಗ ಕಿಟಕಿ ಬದಿಯ ಸೀಟು ಸಿಕ್ಕರೆ ಕೈಮುಗಿಯುತ್ತಿದ್ದೆ, ನದಿಗೂ ಸೀಟಿಗೂ ಸೇರಿಸಿ. ಹೋಟೆಲಿನಲ್ಲಿ ಒಂದು ಊಟ ಹೇಳಿ, ಮಾತಿಲ್ಲದೆ ಉಂಡು, ತಾಟು ತೊಳೆದು ಕುಡಿದು ಏಳುತ್ತಿದ್ದೆ. ಒಬ್ಬಳೇ ಬಂದು ಮಾತಾಡದೆ ಉಣ್ಣುವ ಹೆಂಗಸನ್ನು ಕಂಡರೆ ಹೋಟೆಲಿನವರಿಗೆ ಸಂಶಯ. ಒಬ್ಬ ಮಾಲೀಕರು ನನ್ನನ್ನು ಸರಕಾರದ ಕಡೆಯಿಂದ ತಪಾಸಣೆಗೆ ಬಂದವಳೆಂದು ತಿಳಿದು, ನಾನು ಉಂಡು ಮುಗಿಸುವುದರೊಳಗೆ ಪಾತ್ರೆಗಳಿಗೆಲ್ಲ ಮುಚ್ಚಳ ಹುಡುಕಿ ಹಾಕಿಸಿದರು. ಪತ್ರಿಕೆಯವಳು ಎಂದು ತಿಳಿದ ಮೇಲೆ ಮುಚ್ಚಳಗಳನ್ನು ತೆಗೆಸಿದರು.

ಬರೆಯುವುದು ಉಣ್ಣುವಷ್ಟು ಸುಲಭವಿರಲಿಲ್ಲ. ಹೆಸರಿಡುವಂತಿಲ್ಲ, ಸುಳ್ಳು ಹೇಳುವಂತೆಯೂ ಇಲ್ಲ. ಇವೆರಡನ್ನೂ ಬಿಟ್ಟರೆ ಉಳಿಯುವ ಜಾಗ ಸರಿಯಾಗಿ ಅರ್ಧ ಕಾಲಂ. ಪಲ್ಯ ಚೆನ್ನಾಗಿದ್ದರೆ ಪಲ್ಯದ ಬಗ್ಗೆ ಬರೆಯುತ್ತಿದ್ದೆ. ಇಲ್ಲದಿದ್ದರೆ ಫ್ಯಾನಿನ ಗಾಳಿ, ಕೈತೊಳೆಯುವಲ್ಲಿ ಇಟ್ಟ ಹೊಸ ಸಾಬೂನು, ಸರಿಯಾದ ಹೊತ್ತು ತೋರಿಸುವ ಗಡಿಯಾರ. ಶಿವನ ದಯೆಯಿಂದ ಏನಾದರೊಂದು ಸಿಗುತ್ತಿತ್ತು.

"ವೈನಿ, ನಿಮ್ಮ ಅಂಕಣ ಓದಿದ್ರ ನಮ್ಮ ಜಿಲ್ಲಾದಾಗ ಕೆಟ್ಟ ಅಡಿಗಿ ಮಾಡವ್ರ ಇಲ್ಲ ಅನಸ್ತದ," ಎಂದು ಸಂಪಾದಕರು ಹಲುಬುತ್ತಿದ್ದರು. "ಒಮ್ಮ್ಯರ ಒಬ್ಬರಿಗರ ಬೈರಿ."

"ಬೈಯಾಕ ನಿಮ್ಮ ಮೊದಲನೇ ಪುಟ ಅದ ಅಲ್ರಿ."

ಹೀಗೆ ತಿರುಗುತ್ತಿದ್ದಾಗ ಶಹಾಪುರದ ಆ ಖಾನಾವಳಿ ಸಿಕ್ಕಿತು. ಎರಡು ಖೋಲಿ. ಮುಂದಿನದರಲ್ಲಿ ಮೂರು ಬೆಂಚು, ಹಿಂದಿನದರಲ್ಲಿ ಒಲೆ. ನಡುವೆ ಬಾಗಿಲಿಲ್ಲ, ಹಾಗಾಗಿ ರೊಟ್ಟಿ ಬಡಿಯುವ ಸಪ್ಪಳ ಬೆಂಚಿನವರೆಗೂ ಬರುತ್ತಿತ್ತು. ನಡೆಸುವವಳು ನನಗಿಂತ ಹತ್ತು ವರ್ಷ ಚಿಕ್ಕವಳು, ಗಂಡ ತೀರಿಹೋಗಿದ್ದ. ಬಡಿಯುವವಳೂ ಬಡಿಸುವವಳೂ ಅವಳೇ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಬೇಳೆ, ಒಂದು ಉಳ್ಳಾಗಡ್ಡಿ, ಗಟ್ಟಿ ಮೊಸರು. ಬೇರೆ ಏನೂ ಇಲ್ಲ. ಆ ದಿನ ನಾನು ಎಷ್ಟು ರೊಟ್ಟಿ ಉಂಡೆನೋ ನನಗೇ ನೆನಪಿಲ್ಲ. ಬರೆಯಲು ಕುಳಿತಾಗ ಫ್ಯಾನು ನೆನಪಾಗಲಿಲ್ಲ. ಅಲ್ಲಿ ಫ್ಯಾನು ಇತ್ತೋ ಇಲ್ಲವೋ ಇವತ್ತಿಗೂ ಹೇಳಲಾರೆ.

ಊಟವಾದ ಮೇಲೆ ಅವಳೊಡನೆ ಮಾತಿಗೆ ಕುಳಿತೆ. ಸುರಪುರದಲ್ಲಿ ಅಣ್ಣನ ಮನೆ ಇದೆ ಎಂದಳು.

"ಮತ್ತ ಒಬ್ಬಾಕಿ ಯಾಕ ಇಷ್ಟು ಒದ್ದಾಡ್ತಿ ತಂಗಿ? ಅಣ್ಣನ ಮನಿಗಿ ಹೋಗಬಾರದ?"

"ಛಲೋ ಮಂದಿನ ಅದಾರ್ರಿ ಅಕ್ಕಾರ, ಹಗಲೆಲ್ಲಾ ಕರೀತಾರ. ಆದ್ರ ಅಲ್ಲಿ ನಾ ಕೇಳಿ ಉಣಬೇಕು. ಇಲ್ಲಿ ಮಂದಿ ನನ್ನ ಕೇಳಿ ಉಣತಾರ."

ಈ ಮಾತನ್ನು ನಾನು ಅಂಕಣದಲ್ಲಿ ಬರೆಯಲಿಲ್ಲ. ಅದು ಊಟಕ್ಕೆ ಸಂಬಂಧಿಸಿದ್ದಲ್ಲ ಎಂದುಕೊಂಡೆ. ಅಂಕಣ ಬಂದ ಮೇಲೆ ಕೋರ್ಟಿನ ವಕೀಲರು, ಕಚೇರಿಯ ಗುಮಾಸ್ತರು ಅವಳ ಬೆಂಚಿನಲ್ಲಿ ಒತ್ತಿಕೊಂಡು ಕೂರತೊಡಗಿದರು ಎಂದು ಕೇಳಿ ಸಂತೋಷಪಟ್ಟೆ. ಆ ಸಂತೋಷ ಎರಡು ವರ್ಷ ಬಾಳಿತು.

ಆಮೇಲೆ ರಸ್ತೆಯ ಎದುರು ಸಾಲಿನಲ್ಲಿ ಫ್ಯಾಮಿಲಿ ರೆಸ್ಟೋರೆಂಟ್ ಬಂತು. ಗಾಜಿನ ಬಾಗಿಲು, ಏಸಿ, ಮಕ್ಕಳ ನೋಟುಬುಕ್ಕಿನಷ್ಟು ದಪ್ಪದ ಮೆನು. ಸಂಪಾದಕರು ಹೋಗಿ ಬರಲು ಹೇಳಿದರು, ಹೋದೆ. ಮೆನುವಿನಲ್ಲಿ "ಉತ್ತರ ಕರ್ನಾಟಕ ಸ್ಪೆಷಲ್ ಥಾಲಿ" ಎಂದಿತ್ತು. ಹುಟ್ಟಿದಾಗಿನಿಂದ ದಿನಾ ಎರಡು ಹೊತ್ತು ಉಣ್ಣುವುದು ಸ್ಪೆಷಲ್ ಎಂದು ಆವತ್ತೇ ಗೊತ್ತಾದದ್ದು. ಅದನ್ನೇ ತರಲು ಹೇಳಿದೆ. ಬದನೆಕಾಯಿ ಎಣ್ಣೆಗಾಯಿ ಬಂತು, ಗೋಡಂಬಿ ಅರೆದು ಹಾಕಿದ್ದರು, ಪಾಯಸದ ಹತ್ತಿರದ ಸಂಬಂಧಿಯಂತಿತ್ತು. ರೊಟ್ಟಿಗಳು ಯಾವಾಗಲೋ ಬಡಿದಿಟ್ಟವು, ಮುರಿದರೆ ಪಕ್ಕದ ಟೇಬಲಿನವರು ತಿರುಗಿ ನೋಡುವಷ್ಟು ಸದ್ದು. ಇದನ್ನೆಲ್ಲ ಈಗ ಬರೆಯುತ್ತಿರುವುದಕ್ಕೆ ಶಿವನ ಹತ್ತಿರ ಬೇರೆ ಲೆಕ್ಕ ಕೊಡುತ್ತೇನೆ. ಆವತ್ತು ರುಚಿಯ ಬಗ್ಗೆ ತುಟಿ ಬಿಚ್ಚಲಿಲ್ಲ. ಎಲ್ಲವನ್ನೂ ಉಂಡೆ. ನೀರು ಕೇಳಿ ತಾಟಿಗೆ ಹಾಕಿ, ಬೆರಳಾಡಿಸಿ ತೊಳೆದು, ಎತ್ತಿ ಕುಡಿದೆ.

ತಾಟು ಕೆಳಗಿಟ್ಟಾಗ ಮಾಲೀಕರು ಎದುರು ನಿಂತಿದ್ದರು. ದೂರದ ಊರಿನಿಂದ ಬಂದು ಹೋಟೆಲು ಹಾಕಿದವರು. ಅವರ ಕಣ್ಣು ತುಂಬಿತ್ತು.

"ಮೇಡಮ್, ಇಪ್ಪತ್ತು ವರ್ಷದಿಂದ ಹೋಟೆಲ್ ನಡೆಸ್ತಾ ಇದ್ದೀನಿ. ಇಷ್ಟು ಮೆಚ್ಚಿ ಊಟ ಮಾಡಿದೋರನ್ನ ನೋಡೇ ಇಲ್ಲ," ಎಂದು ಮೊಬೈಲ್ ತೆಗೆದು ತಾಟಿನ ಫೋಟೋ ಹೊಡೆದುಕೊಂಡರು.

ಅದು ಮೆಚ್ಚುಗೆಯಲ್ಲ, ನೇಮ ಎಂದು ಆಗಲೇ ಹೇಳಬಹುದಿತ್ತು. ಆದರೆ ಹಾಗೆ ಹೇಳಿದರೆ ಅನ್ನಕ್ಕೆ ಹೆಸರಿಟ್ಟಂತೆ. ಅಲ್ಲದೆ ಕಣ್ಣಲ್ಲಿ ನೀರು ತಂದುಕೊಂಡ ಮನುಷ್ಯನ ಮುಂದೆ ಯಾರು ಹೇಳುತ್ತಾರೆ? ನಕ್ಕು ಹೊರಬಂದೆ. ಆ ವಾರ ಏಸಿಯ ತಂಪಿನ ಬಗ್ಗೆ ಬರೆದೆ.

ತಿಂಗಳೊಳಗೆ ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಬೋರ್ಡು ಎದ್ದಿತು. ಆಳೆತ್ತರದ ತಾಟು. ಅದರ ಕೆಳಗೆ "ಪತ್ರಿಕೆಯವರೇ ತೊಳೆದು ಕುಡಿದ ರುಚಿ" ಎಂದು ಕೆಂಪಕ್ಷರ. ಬಸ್ಸಿನಿಂದ ಇಳಿದವಳು ನನ್ನ ಎಂಜಲು ತಾಟನ್ನು ಅಷ್ಟು ದೊಡ್ಡದಾಗಿ ನೋಡಿ ಸೆರಗು ಮುಖಕ್ಕೆ ಎಳೆದುಕೊಂಡು ಖಾನಾವಳಿಯ ಕಡೆ ನಡೆದೆ.

ಮಧ್ಯಾಹ್ನದ ಹೊತ್ತು, ಆದರೂ ಮೂರು ಬೆಂಚೂ ಖಾಲಿ. ರೊಟ್ಟಿ ಬಡಿಯುವ ಸಪ್ಪಳವಿಲ್ಲ. ಅವಳು ಬೆಂಚಿನ ಮೇಲೆ ಕುಳಿತು ಪುಂಡಿ ಸೊಪ್ಪು ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ.

"ಬರ್ರಿ ಅಕ್ಕಾರ. ನಿಮ್ಮ ತಾಟು ನೋಡಿದ್ರೇನು? ನಮ್ಮ ಗಿರಾಕಿ ಎಲ್ಲಾ ಅದನ್ನ ನೋಡಕೋತ ಆ ಕಡಿ ಹೋಗ್ಯಾರ."

"ತಂಗಿ, ನಾ ಹಂಗ ಬರದಿಲ್ಲ..."

"ನೀವು ಬರದದ್ದು ಯಾರ್ ಓದ್ಯಾರ್ರಿ? ತಾಟು ನೋಡ್ಯಾರ. ಅವನ ತಾಟೂ ತೊಳದು ಕುಡದ್ರಿ, ನನ್ನ ತಾಟೂ ತೊಳದು ಕುಡದ್ರಿ. ಹಂಗಾರ ಇಬ್ಬರ ಕೈಯಾನ ರುಚಿನೂ ಒಂದ ಏನು? ಒಂದ ಇದ್ದ ಮ್ಯಾಲ ತಂಪನ್ಯಾಗ ಕುಂತು ಉಣತಾರ, ಇಲ್ಲಿ ಹೊಗಿಯಾಗ ಯಾಕ ಉಣತಾರ?"

ಬರುವ ಅಮಾವಾಸ್ಯೆ ಕಳೆದು ಖೋಲಿಯ ಕೀಲಿಕೈ ಕೊಟ್ಟುಬಿಡುವುದಾಗಿ, ಸುರಪುರದಿಂದ ಅಣ್ಣ ಬಂದು ಕರೆದುಕೊಂಡು ಹೋಗುವುದಾಗಿ ಹೇಳಿದಳು. ಸೊಪ್ಪಿನ ಮೇಲಿನ ಕಣ್ಣು ಮೇಲೆತ್ತಲಿಲ್ಲ.

ನಾನು ಆಗ ಅವ್ವನ ನೇಮ ಹೇಳಿದೆ. ಬಳಿಚಕ್ರದ ಮನೆ, ಪ್ರಸಾದ, ಉಪ್ಪಿಲ್ಲದ ಬೇಳೆ, ಎಲ್ಲವನ್ನೂ. ನನ್ನ ಕೈಯಿಂದಲೇ ಸೀದುಹೋದ ಅನ್ನದ ತಾಟನ್ನೂ ತೊಳೆದು ಕುಡಿಯುತ್ತೇನೆ, ಅದರಲ್ಲಿ ರುಚಿಯ ಮಾತೇ ಇಲ್ಲ ಎಂದೆ. ಅವಳಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವಳ ಕೈ ನಿಂತಿತು.

"ಅಂದ್ರ ನಂದೂ ದೇವರ ಅಂಜಿಕಿಗೆ ಉಂಡ್ರಿ ಏನು?"

ಎದುರಿನವನ ಹೊಗಳಿಕೆಯನ್ನು ಕಿತ್ತುಕೊಳ್ಳಲು ಹೋಗಿ ಇವಳದನ್ನೂ ಕಿತ್ತುಕೊಂಡಿದ್ದೆ. ಎರಡು ವರ್ಷದಿಂದ ಅವಳು ನನ್ನ ಆ ತಾಟನ್ನು ಫೋಟೋ ಇಲ್ಲದೆಯೇ ಮನಸ್ಸಿನಲ್ಲಿ ತೂಗುಹಾಕಿಕೊಂಡಿದ್ದಳು ಎಂದು ಆಗ ತಿಳಿಯಿತು. ಊಟ ಹೊಗಳಿ ಬದುಕುವವಳಿಗೆ ಒಂದು ಒಳ್ಳೆಯ ಮಾತು ಸಿಗಲಿಲ್ಲ.

ಅವಳು ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಡಿಯುವ ಸಪ್ಪಳ ಶುರುವಾಯಿತು. ಸಿಟ್ಟಿನಲ್ಲಿದ್ದರೂ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವ ಜಾತಿಯಲ್ಲ. ಇದ್ದಕ್ಕಿದ್ದಂತೆ ಸಪ್ಪಳ ನಿಂತು, ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಅಕ್ಕಾರ, ನಿಮ್ಮ ನೇಮದಾಗ ಉಣೂವಾಗ ಮಾತಾಡಂಗಿಲ್ಲ ಅಂದ್ರಿ, ಹೌದಿಲ್ಲ?"

"ಹೌದು."

"ನೀವು ಮೊದಲ ಸಲ ಬಂದಾಗ ಮೂರು ರೊಟ್ಟಿ ಉಂಡು, ಬಾಯಿ ಬಿಟ್ಟು ನಾಕನೇದು ಕೇಳಿದ್ರಿ. 'ಇನ್ನೊಂದು ಹಾಕು ತಂಗಿ' ಅಂದ್ರಿ. ನನ್ನ ಕಿವಿಯಾಗ ಇನ್ನೂ ಅದ. ಅದನ್ನ ಕೇಳಂತ ನಿಮ್ಮವ್ವ ಹೇಳಿದ್ಲೇನು?"

ಇಲ್ಲ. ಹಾಕಿದ್ದನ್ನು ಬಿಡಬಾರದು ಎಂದಿದ್ದಳೇ ಹೊರತು ಕೇಳಬೇಕು ಎಂದಿರಲಿಲ್ಲ. ಉಣ್ಣುವಾಗ ಬಾಯಿ ಬಿಡಬಾರದು ಎಂದಿದ್ದಳು, ನಾನು ಬಿಟ್ಟಿದ್ದೆ. ನೇಮ ಮುರಿದದ್ದು ನನಗೇ ತಿಳಿದಿರಲಿಲ್ಲ. ಅವಳು ಎರಡು ವರ್ಷ ಅದನ್ನು ಕಾದಿಟ್ಟುಕೊಂಡಿದ್ದಳು.

"ಎದುರಿನ ಹೋಟೆಲ್‌ದಾಗ ಏನು ಕೇಳಿದ್ರಿ?"

"ನೀರು," ಎಂದೆ.

ಅವಳಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡು, ಸೆರಗಿಗೆಲ್ಲ ಹಿಟ್ಟು ಮಾಡಿಕೊಂಡು ನಕ್ಕಳು. "ಇದನ್ನ ಬರೀರಿ ಅಕ್ಕಾರ. ಅಮಾಸಿ ಒಳಗ ಬರೀರಿ."

ಬಸ್ಸಿನಲ್ಲಿ ಹನ್ನೊಂದು ವರ್ಷ ನೆನಪು ಮಾಡಿಕೊಂಡೆ. ಎಲ್ಲೆಲ್ಲಿ ಬಾಯಿ ಬಿಟ್ಟು ಕೇಳಿದ್ದೆ? ಸುರಪುರದ ಗಾಡಿಯ ಮುಂದೆ ಇನ್ನೊಂದು ಮಿರ್ಚಿ. ಯಾದಗಿರಿ ಸ್ಟೇಷನ್ ರಸ್ತೆಯ ಒಂದು ಇಡ್ಲಿ ಗಾಡಿಯಲ್ಲಿ ಇನ್ನೊಂದಿಷ್ಟು ಚಟ್ನಿ. ಶಹಾಪುರದ ಖಾನಾವಳಿಯಲ್ಲಿ ನಾಲ್ಕನೇ ರೊಟ್ಟಿ. ಮನೆ ಮುಟ್ಟುವವರೆಗೂ ಹುಡುಕಿದೆ, ಬೇರೆ ನೆನಪಾಗಲಿಲ್ಲ.

ಅದನ್ನೇ ಬರೆದೆ. ನಾನು ಎಲ್ಲಿ ಉಂಡರೂ ತಾಟು ತೊಳೆದು ಕುಡಿಯುತ್ತೇನೆ, ಅದು ನಮ್ಮ ಮನೆಯ ನೇಮ, ಅದನ್ನು ಯಾರೂ ಪ್ರಮಾಣಪತ್ರ ಎಂದು ತಿಳಿಯಬಾರದು. ಆದರೆ ನೇಮ ಮರೆತು, ಬಾಯಿ ಬಿಟ್ಟು, ಇನ್ನಷ್ಟು ಹಾಕಿ ಎಂದು ಕೇಳಿದ್ದು ಮೂರು ಕಡೆ. ಅವು ಇಂಥಿಂಥವು. ಅಷ್ಟೇ. ಯಾರಿಗೂ ಹೆಸರಿಟ್ಟಿರಲಿಲ್ಲ.

ಸಂಪಾದಕರು ಓದಿ ಕನ್ನಡಕ ತೆಗೆದರು.

"ವೈನಿ, ಹನ್ನೊಂದು ವರ್ಷದಾಗ ಬರೇ ಮೂರ? ಉಳಿದಾವು?"

"ಉಳಿದಾವಕ್ಕ ನಾ ಏನೂ ಅಂದಿಲ್ರಿ."

"ಇದಕ್ಕಿಂತ ಇನ್ನೇನು ಅನ್ನಬೇಕ್ರಿ? ಇಡೀ ಜಿಲ್ಲಾಕ್ಕ ಬೈದೀರಿ! ಆ ರೆಸ್ಟೋರೆಂಟಿನವ್ರು ಜಾಹೀರಾತು ನಿಲ್ಲಿಸಿದ್ರ?"

"ನಿಂತ ಜಾಗದಾಗ ನಾನ ಬರೀತೀನಿ."

ಒಳಗೆ ಮಷೀನಿನ ಹತ್ತಿರ ನಿಂತಿದ್ದ ನಮ್ಮ ಮನೆಯವರು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಆ ಮಧ್ಯಾಹ್ನ ಎರಡು ರೊಟ್ಟಿಗೇ ಕೈ ತೊಳೆಯುವ ಮನುಷ್ಯ ತಾಟು ಮುಂದೆ ಚಾಚಿ, "ಇನ್ನೊಂದು ಹಾಕು," ಎಂದರು. ಇನ್ನೊಂದು ಹಾಕಿದೆ. ಮತ್ತೆ ಚಾಚಿದರು. ಅವರಿಗೆ ಹಸಿವಿರಲಿಲ್ಲ, ನಾಳೆ ತಮ್ಮ ಮನೆಯ ಅಡುಗೆಯೂ ಅಂಕಣದಲ್ಲಿ ಬಂದೀತೆಂಬ ಭಯವಿತ್ತು. ಭಯದಿಂದಾದರೂ ಕೇಳಿದರಲ್ಲ. ನಾನು ಅದನ್ನೂ ಕೃಪೆಯ ಸಾಲಿಗೇ ಸೇರಿಸಿದೆ.

ಅಂಕಣ ಬಂದ ದಿನ ಪೂಜೆಗೆ ಕುಳಿತು ಲಿಂಗವನ್ನು ಅಂಗೈಯಲ್ಲಿ ಹಿಡಿದು ನೋಡಿದೆ. ಹೆಸರಿಡದೆಯೇ ಹೆಸರಿಟ್ಟೆನೋ ಏನೋ. ಅವ್ವ ಇದ್ದಿದ್ದರೆ ಏನನ್ನುತ್ತಿದ್ದಳು? ಉಪ್ಪಿಲ್ಲದ ಬೇಳೆಯ ದಿನ ಅಂದದ್ದನ್ನೇ ಅನ್ನುತ್ತಿದ್ದಳು ಎಂದು ನಂಬಿಕೊಂಡು ಎದ್ದೆ.

ಹೋಟೆಲಿನವರು ನನ್ನ ಬರಹವನ್ನು ಎಂದೂ ಇಲ್ಲದಷ್ಟು ಗಮನವಿಟ್ಟು ಓದಿದರು. ಕೇಳಿ ಹಾಕಿಸಿಕೊಂಡರೆ ಪೇಪರಿನಲ್ಲಿ ಬರುತ್ತದೆ ಎಂಬುದಷ್ಟನ್ನು ತಿಳಿದುಕೊಂಡು, ನಾನು ಕೇಳುವ ಮೊದಲೇ ಹಾಕತೊಡಗಿದರು. ಯಾದಗಿರಿಯಲ್ಲಿ ಒಬ್ಬರು ನಾನು ಕುಳಿತ ಕೂಡಲೇ ಆರು ಪೂರಿ ತಂದಿಟ್ಟರು. ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಪಲ್ಯ ಸುರಿದರು. ತಾಟಿಗೆ ಬಿದ್ದದ್ದನ್ನು ಬಿಡುವಂತಿಲ್ಲ, ಬೇಡ ಎಂದು ಬಾಯಿ ಬಿಡುವಂತೆಯೂ ಇಲ್ಲ. ಆ ಎರಡು ತಿಂಗಳಲ್ಲಿ ನನ್ನ ಕುಪ್ಪಸಗಳ ಹೊಲಿಗೆಯನ್ನೆಲ್ಲ ಬಿಚ್ಚಿ ಅಗಲ ಮಾಡಿಸಬೇಕಾಯಿತು.

ಫ್ಯಾಮಿಲಿ ರೆಸ್ಟೋರೆಂಟಿನ ಮಾಲೀಕರು ಜಾಹೀರಾತು ನಿಲ್ಲಿಸಲಿಲ್ಲ. ಫೋನ್ ಮಾಡಿ, "ಮೇಡಮ್, ನಮ್ಮಲ್ಲಿ ನೀರಾದ್ರೂ ಕೇಳಿದ್ರಲ್ಲ, ಅದನ್ನ ಬರೀಬಹುದಿತ್ತು," ಎಂದರು. ಸಿಟ್ಟೋ ತಮಾಷೆಯೋ ಗೊತ್ತಾಗಲಿಲ್ಲ. ಫ್ಲೆಕ್ಸು ಗಾಳಿಗೆ ಹರಿಯಿತು, ಗೋಡೆಯ ಫೋಟೋ ಇವತ್ತಿಗೂ ಇದೆ. ನೇಮದ ತಾಟಾದರೂ ತಾಟೇ ತಾನೇ, ಇರಲಿ.

ಇದೆಲ್ಲ ಶುರುವಾಗುವ ಹೊತ್ತಿಗೇ ಅವಳು ಹೇಳಿದ್ದ ಅಮಾವಾಸ್ಯೆ ಬಂತು, ಹೋಯಿತು. ಮುಂದಿನ ವಾರ ನಾನು ಹೆದರುತ್ತಲೇ ಶಹಾಪುರದಲ್ಲಿ ಇಳಿದೆ. ಖಾನಾವಳಿಯ ಬಾಗಿಲು ತೆರೆದಿತ್ತು. ಮೂರು ಬೆಂಚಿನಲ್ಲಿ ಎರಡು ತುಂಬಿದ್ದವು. ಕರೆದುಕೊಂಡು ಹೋಗಲು ಬಂದಿದ್ದ ಅಣ್ಣ ಉಂಡು ಒಬ್ಬನೇ ಸುರಪುರದ ಬಸ್ ಹತ್ತಿದ್ದನಂತೆ. ಒಬ್ಬ ವಕೀಲರು ಮೂರು ರೊಟ್ಟಿ ಮುಗಿಸಿ ನನ್ನ ಕಡೆ ನೋಡಿ, ಬೇಕೆಂದೇ ದೊಡ್ಡ ದನಿಯಲ್ಲಿ, "ಯಕ್ಕಾ, ನಾಕನೇದು ತಾ! ಪೇಪರಿನಾಗ ಬರಲಿ," ಎಂದರು. ಎಲ್ಲರೂ ನಕ್ಕರು.

ನನ್ನ ತಾಟಿಗೆ ಒಂದೊಂದಾಗಿ ಮೂರು ರೊಟ್ಟಿ ಬಂದವು. ಮೂರನೆಯದು ಮುಗಿಯಿತು. ಊರಿನ ಹೋಟೆಲುಗಳೆಲ್ಲ ಕೇಳದೆ ಸುರಿಯುವಾಗ ಇವಳೊಬ್ಬಳು ಹಾಕಲಿಲ್ಲ. ಹಂಚಿನ ಮೇಲಿನ ರೊಟ್ಟಿ ಉಬ್ಬಿತ್ತು. ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, ಬಾಗಿಲಿಲ್ಲದ ಆ ಸಂದಿಯಲ್ಲಿ ಬಂದು ನಿಂತಳು. ಬೆರಳು ಸುಡುತ್ತಿದ್ದಿರಬೇಕು, ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಿದ್ದಳು. ಆದರೂ ಸುಮ್ಮನೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಇನ್ನೊಂದು ಹಾಕು ತಂಗಿ," ಎಂದೆ.